ಪದಚರ್ಚೆ: ‘ನನಗೆ ಬೇಕು’ ಮತ್ತು ‘ನಾನು ಮಾಡಬೇಕು’. ಆಬ್ಲಿಗೇಷನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬಿ.ಎ. ಓದುವ ಮಕ್ಕಳಿಗಾಗಿ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. 1651ರಲ್ಲಿ ಬಂದ ಅವನ ‘ಲೆವಯಥನ್’ ಪುಸ್ತಕದ 15ನೇ ಅಧ್ಯಾಯದ ಸುತ್ತ ಈ ಪಾಠ. ಸೆಲ್ಫ್ ಇಂಟರೆಸ್ಟ್ (ತನಗೆ ಒಳ್ಳೆಯದಾಗಲಿ ಅನ್ನುವುದು), ಆಬ್ಲಿಗೇಷನ್ (ಒಪ್ಪಿಕೊಂಡ ಮೇಲೆ ಮಾಡಲೇಬೇಕು ಅನ್ನುವುದು) ಎಂಬ ಎರಡು ಮಾತುಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಹಾಬ್ಸ್ ಹೇಳುವುದು ಇಷ್ಟು. ಪ್ರತಿಯೊಬ್ಬನಿಗೂ ತನ್ನ ಜೀವ ಉಳಿಯಬೇಕು. ಯಾರೂ ಮಾತು ಉಳಿಸಿಕೊಳ್ಳದ ಕಡೆ ಯಾರ ಜೀವಕ್ಕೂ ಭರವಸೆ ಇಲ್ಲ. ಆದ್ದರಿಂದ ಒಪ್ಪಂದ ಮಾಡಿಕೊಂಡ ಮೇಲೆ ಅದರಂತೆ ನಡೆಯಬೇಕು. ಹೀಗೆ ತಿಳಿಸಿಕೊಡುವುದು ನಮ್ಮ ಬುದ್ಧಿಯೇ. ಬುದ್ಧಿ ಅಂದರೆ ಅವನಿಗೆ ಕೂಡುವುದು, ಕಳೆಯುವುದು. ಹಾಗಾಗಿ ರೀಸನ್‌ಗೆ ‘ವಿವೇಕ’ ಬಿಟ್ಟು ‘ಲೆಕ್ಕಾಚಾರದ ಬುದ್ಧಿ’ ಅಂತ ಬರೆದಿದ್ದೇನೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಸೆಲ್ಫ್ ಇಂಟರೆಸ್ಟ್‌ಗೆ ‘ಸ್ವಾರ್ಥ’ ಅಂದರೆ ಕೆಟ್ಟಿತು. ಕನ್ನಡದಲ್ಲಿ ಅದು ಬೈಗುಳ. ಹಸಿದವನು ಉಂಡರೆ ಯಾರೂ ಸ್ವಾರ್ಥಿ ಅನ್ನುವುದಿಲ್ಲ, ಅಲ್ವಾ? ‘ಸ್ವಹಿತ’ ಅರ್ಥಕ್ಕೆ ಸರಿ, ಬಾಯಿಗೆ ಬರುವುದಿಲ್ಲ. ಸದ್ಯಕ್ಕೆ ‘ತನ್ನ ಒಳಿತು’ ಅಂತ ಇಟ್ಟಿದ್ದೇನೆ.

ಆಬ್ಲಿಗೇಷನ್ ಜಾಸ್ತಿ ಕಾಡುತ್ತಿದೆ. ‘ಕರ್ತವ್ಯ’ ಅಂದರೆ ಅಪ್ಪನ ಕರ್ತವ್ಯ, ಮೇಷ್ಟರ ಕರ್ತವ್ಯ, ಇರುವ ಜಾಗದಿಂದ ಬಂದದ್ದು. ‘ಬಾಧ್ಯತೆ’ಗೆ ಕೋರ್ಟು ಕಚೇರಿಯ ವಾಸನೆ. ‘ಋಣ’ ಚೆಂದದ ಮಾತು, ಆದರೆ ತಾಯಿಯ ಋಣ, ಮಣ್ಣಿನ ಋಣ ನಾವು ಒಪ್ಪಿ ಹೊತ್ತದ್ದಲ್ಲ. ಹಾಬ್ಸ್ ಹೇಳುವುದು ನಾವೇ ಒಪ್ಪಿ ಹೊತ್ತದ್ದನ್ನು. ‘ಹಂಗು’ ಅಂದ ಕೂಡಲೇ ತಲೆ ತಗ್ಗುತ್ತದೆ. ಆಬ್ಲಿಗೇಷನ್ ಎಂಬುದರ ಬೇರು ಲ್ಯಾಟಿನ್ನಿನ ‘ಲಿಗಾರೆ’, ಅಂದರೆ ಕಟ್ಟು. ನಾವೂ ‘ಮಾತಿಗೆ ಕಟ್ಟುಬೀಳು’ ಅನ್ನುತ್ತೇವೆ! ‘ಕಟ್ಟುಪಾಡು’ ಇದಕ್ಕೆ ಒದಗುತ್ತಿತ್ತು. ಆದರೆ ಅದು ಈಗ ಜಾತಿಯ ಕಟ್ಟುಪಾಡು, ಊರಿನ ಕಟ್ಟುಪಾಡು ಅಂತ ಬೇರೆ ಕಡೆಗೆ ಹೋಗಿಬಿಟ್ಟಿದೆ. ಬರೀ ‘ಕಟ್ಟು’ ಅಂದರೆ ನಿಮಗೆ ಹೇಗೆ ಕೇಳಿಸುತ್ತದೆ?

ಇದನ್ನೆಲ್ಲ ಬರೆಯುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ‘ನನಗೆ ನೀರು ಬೇಕು’ ಅನ್ನುವಾಗ ಆಸೆ. ‘ನಾನು ಸಾಲ ತೀರಿಸಬೇಕು’ ಅನ್ನುವಾಗ ಕಟ್ಟು. ಎರಡಕ್ಕೂ ಒಂದೇ ‘ಬೇಕು’. ತಮಿಳಿನ ‘ವೇಂಡುಂ’ ಕೂಡ ಹೀಗೆಯೇ. ಮೇಲೆ ಹಾಬ್ಸ್‌ನ ವಾದ ಹೇಳುವಾಗ ನಾನೇ ‘ಜೀವ ಉಳಿಯಬೇಕು’, ‘ಅದರಂತೆ ನಡೆಯಬೇಕು’ ಅಂತ ಬರೆದೆ ನೋಡಿ. ಮೊದಲ ಬೇಕಿನಿಂದ ಎರಡನೆಯ ಬೇಕಿಗೆ ದಾಟಬಹುದೇ ಅನ್ನುವುದೇ ಇಡೀ ಪ್ರಶ್ನೆ. ನಮ್ಮ ಭಾಷೆಯಲ್ಲಿ ಅದು ಕಾಣದೇ ದಾಟಿಹೋಗುತ್ತದೆ. ‘ಇಲ್ಲ’ ಅನ್ನುವಾಗ ಮಾತ್ರ ದಾರಿ ಬೇರೆಯಾಗುತ್ತದೆ. ನೀರು ಬೇಡ, ಆದರೆ ಮಾತು ತಪ್ಪಬಾರದು, ತಪ್ಪಕೂಡದು.

ಹಾಬ್ಸ್‌ನಿಗೂ ಇದು ಗೊತ್ತಿತ್ತು. ಅದೇ ಅಧ್ಯಾಯದಲ್ಲಿ ಅವನು ಒಬ್ಬ ಮೂರ್ಖನನ್ನು ತರುತ್ತಾನೆ. ಮಾತು ಮುರಿದರೆ ನನಗೆ ಲಾಭ ಅನ್ನುವುದಾದರೆ ಯಾಕೆ ಮುರಿಯಬಾರದು ಅನ್ನುವುದು ಆ ಮೂರ್ಖನ ವಾದ. ಮುರಿದವನನ್ನು ಗೊತ್ತಿದ್ದೂ ಯಾರೂ ಜೊತೆಗೆ ಸೇರಿಸಿಕೊಳ್ಳುವುದಿಲ್ಲ, ಉಳಿದವರು ಎಡವುತ್ತಾರೆ ಅಂತ ನೆಚ್ಚಿಕೊಂಡು ಬದುಕಲಾಗದು ಅಂತ ಹಾಬ್ಸ್ ಉತ್ತರ ಕೊಡುತ್ತಾನೆ. ಒಳ್ಳೆಯ ಉತ್ತರವೇ. ಆದರೆ ಅದೂ ಮೊದಲ ಬೇಕಿನೊಳಗೇ ಉಳಿಯಿತಲ್ಲ ಅಂತ ನನಗನ್ನಿಸುತ್ತದೆ. ಅಧ್ಯಾಯದ ಕೊನೆಗೆ ಅವನೇ, ಬುದ್ಧಿ ಹೇಳುವ ಇವನ್ನು ಕಾನೂನು ಅಂತ ಕರೆಯುವುದು ಸರಿಯಲ್ಲ, ಇವು ನಮ್ಮನ್ನು ಉಳಿಸುವ ತೀರ್ಮಾನಗಳು ಮಾತ್ರ ಅನ್ನುತ್ತಾನೆ.

ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲಿ ಇಬ್ಬರು ರೈತರ ಮಾತು ಎತ್ತುತ್ತಾನೆ. ನಿನ್ನ ಬೆಳೆ ಇವತ್ತು ಹಣ್ಣಾಗಿದೆ, ನನ್ನದು ನಾಳೆ ಆಗುತ್ತದೆ. ಒಬ್ಬರಿಗೊಬ್ಬರು ನೆರವಾದರೆ ಇಬ್ಬರಿಗೂ ಒಳ್ಳೆಯದು. ಆದರೆ ನಂಬಿಕೆಯಿಲ್ಲದೆ ಇಬ್ಬರ ಬೆಳೆಯೂ ಹಾಳಾಗುತ್ತದೆ. ಓದಿದ ತಕ್ಷಣ ನಮ್ಮ ಕಡೆಯ ‘ಮುಯ್ಯಾಳು’ ನೆನಪಾಯಿತು. ಅವರ ಹೊಲಕ್ಕೆ ನಾವು ನಾಲ್ಕು ಆಳು ಹೋದರೆ ನಮ್ಮ ಹೊಲಕ್ಕೆ ಅವರು ನಾಲ್ಕು ಆಳು ಬರುವುದು. ಕೂಲಿ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ಮದುವೆಯಲ್ಲಿ ಹಾಕಿದ ಮುಯ್ಯಿಗೂ ಇದೇ ಲೆಕ್ಕ. ಹಗೆ ತೀರಿಸುವುದಕ್ಕೂ ‘ಮುಯ್ಯಿ’ ಅನ್ನುತ್ತೇವೆ ಅನ್ನುವುದನ್ನು ಮರೆಯುವ ಹಾಗಿಲ್ಲ.

ಮುಯ್ಯಿಗೆ ಹೋಗದಿದ್ದರೆ ಏನಾಗುತ್ತಿತ್ತು ಅಂತ ಅಮ್ಮನನ್ನು ಕೇಳಿದೆ.

“ಮುಂದಿನ ಸಲ ನಮ್ಮ ಕಳೆ ಕೀಳೋಕೆ ಯಾರು ಬರ್ತಾರೆ?”

“ಅವರು ಊರು ಬಿಟ್ಟು ಹೋಗ್ತಾರೆ, ಇನ್ನು ಯಾವತ್ತೂ ಬರಲ್ಲ ಅಂತ ಗೊತ್ತಿದ್ರೆ?”

ಅಮ್ಮ ನನ್ನ ಮುಖವನ್ನೇ ನೋಡಿದರು. “ಆದ್ರೂ ಹೋಗಬೇಕಲ್ಲಪ್ಪ. ಕೆಲಸ ಮಾಡಿಸ್ಕೊಂಡಿದ್ದೀವಲ್ಲ.”

ಅಮ್ಮನ ಈ ‘ಹೋಗಬೇಕು’ ಇದೆಯಲ್ಲ, ಅದಕ್ಕೆ ನನಗೆ ಹೆಸರು ಬೇಕಾಗಿದೆ.

ಬಲ್ಲವರಲ್ಲಿ ಮೂರು ಕೇಳಿಕೆ. ನಿಮ್ಮ ಕಡೆ ಮುಯ್ಯಾಳಿಗೆ ಏನನ್ನುತ್ತಾರೆ? ಕೆಲಸ ಮಾಡಿಸಿಕೊಂಡು ತಿರುಗಿ ಬಾರದವನನ್ನು ಏನಂತ ಕರೆಯುತ್ತಾರೆ? ಬೈಗುಳವಾದರೂ ಪರವಾಗಿಲ್ಲ, ಹಾಗೇ ಬರೆಯಿರಿ. ಇನ್ನು ಕರಾವಳಿಯವರಿಗೆ: ನಿಮ್ಮ ‘ನನಗೆ ಹೋಗ್ಲಿಕ್ಕುಂಟು’ ಎಂಬ ಮಾತಿನಲ್ಲಿ ಈ ಕಟ್ಟು ಇದೆಯಾ, ಇಲ್ಲಾ ಸುಮ್ನೆ ಹೋಗುವ ಕೆಲಸ ಇದೆ ಅಂತ ಮಾತ್ರವಾ?