ವೂಖುಂಗ್, ಗೊಕೂ, ದೊರಎಮೊನ್: ಕನ್ನಡದಲ್ಲಿ ಬರೆಯುವುದು ಹೇಗೆ? ‘ಕಾಲ್ಪನಿಕ ಅಕ್ಷರ’ ಎಂದರೇನು?

ಪ್ರಶ್ನೆ:

ಮಕ್ಕಳ ಪತ್ರಿಕೆಗೆ ಬಂದ ಅನುವಾದವೊಂದನ್ನು ತಿದ್ದಬೇಕಾಗಿದೆ. ಚೀನಾ, ಜಪಾನಿನ ಕಥೆಗಳಲ್ಲಿ ಬರುವವರ ಪರಿಚಯ ಅದರ ವಿಷಯ. ಒಂದೇ ಕೋತಿಯ ಹೆಸರು ‘ಸನ್ ವುಕಾಂಗ್’, ‘ಸುನ್ ವೂಕೊಂಗ್’, ‘ಗೋಕು’ ಎಂದು ಮೂರು ಬಗೆಯಲ್ಲಿ ಬಂದಿದೆ. ಇವು ಮೂರೂ ಒಂದೇ ಹೆಸರೇ? ಯಾವುದನ್ನು ಉಳಿಸಿಕೊಳ್ಳಲಿ? ಚೀನೀ ಬರವಣಿಗೆಯನ್ನು ‘ಚಿತ್ರಲಿಪಿ’ ಎಂದು ಕರೆದಿದ್ದಾರೆ, ಸರಿಯೇ? ತಲೆಬರಹವಂತೂ ‘ಚೀನಾ ಮತ್ತು ಜಪಾನಿನ ಕಾಲ್ಪನಿಕ ಅಕ್ಷರಗಳು’ ಎಂದಿದೆ. ಅದು ‘ಪಾತ್ರಗಳು’ ಆಗಬೇಕಿತ್ತಲ್ಲವೆ? ಬಲ್ಲವರು ತಿಳಿಸಬೇಕು.

ಉತ್ತರ:

ಕೊನೆಯದು ಮೊದಲು. ಹೌದು, ‘ಪಾತ್ರಗಳು’ ಎಂದೇ ಆಗಬೇಕು. ಇಂಗ್ಲಿಷಿನ ‘ಕ್ಯಾರೆಕ್ಟರ್’ ಅಕ್ಷರಕ್ಕೂ ಆಗುತ್ತದೆ, ಕಥೆಯ ಪಾತ್ರಕ್ಕೂ ಆಗುತ್ತದೆ. ಅನುವಾದಕರೋ ಅನುವಾದದ ಯಂತ್ರವೋ ನಿಘಂಟಿನ ತಪ್ಪು ಸಾಲು ಹಿಡಿದಂತಿದೆ. ಆದರೆ ಕಾಲ್ಪನಿಕ ಅಕ್ಷರ ಎಂಬುದೂ ನಿಜಕ್ಕೂ ಉಂಟು. ಅದನ್ನು ಆಮೇಲೆ ನೋಡೋಣ.

ಕೋತಿಯ ಹೆಸರು ಒಂದೇ. ಮೂರು ಚೀನೀ ಅಕ್ಷರಗಳ ಹೆಸರದು. ಅವನ್ನೇ ಚೀನಿಯರು ಒಂದು ರೀತಿ, ಜಪಾನಿಯರು ಇನ್ನೊಂದು ರೀತಿ ಓದುತ್ತಾರೆ. ಮೂಲ ಮಿಂಗ್ ಕಾಲದ, ಅಂದರೆ 16ನೇ ಶತಮಾನದ ‘ಪಶ್ಚಿಮ ಯಾತ್ರೆ’ ಎಂಬ ಕಾದಂಬರಿ. ಅದರ ಮೊದಲ ಅಧ್ಯಾಯದಲ್ಲೇ ಕೋತಿಗೆ ನಾಮಕರಣವಾಗುತ್ತದೆ. ಗುರುವಿನ ಹೆಸರು ಸುಭೂತಿ. ಚೀನೀ ಭಾಷೆಯಲ್ಲಿ ಕೋತಿಗೆ ‘ಹುಸುನ್’ ಎನ್ನುವ ಪದವಿದೆ. ಅದರ ಎರಡು ಅಕ್ಷರಗಳ ಎಡಬದಿಯಲ್ಲೂ ಪ್ರಾಣಿಯನ್ನು ಸೂಚಿಸುವ ಗುರುತು ಇರುತ್ತದೆ. ಗುರು ‘ಹು’ ಅಕ್ಷರದಿಂದ ಆ ಗುರುತು ತೆಗೆದು ನೋಡುತ್ತಾನೆ: ‘ಹಳೆಯ’, ‘ಚಂದ್ರ’ ಎಂಬ ಎರಡು ಭಾಗ ಉಳಿಯುತ್ತವೆ. ಇದು ಬೇಡ, ಇದರಲ್ಲಿ ಬೆಳವಣಿಗೆಯಿಲ್ಲ ಎನ್ನುತ್ತಾನೆ. ‘ಸುನ್’ ಅಕ್ಷರದಿಂದ ತೆಗೆದರೆ ಉಳಿಯುವುದು ಹುಡುಗ, ಶಿಶು ಎಂಬ ಅರ್ಥದ ಭಾಗಗಳು. ಇದು ಒಪ್ಪಿಗೆಯಾಗುತ್ತದೆ. ಆ ಅಕ್ಷರ ಚೀನಿಯರಲ್ಲಿ ನಿಜವಾದ ಮನೆತನದ ಹೆಸರೂ ಹೌದು. ಹೀಗೆ ಕೋತಿ ಎಂಬ ಪದದಿಂದ ಪ್ರಾಣಿಯನ್ನು ಕಳೆದು ಮನುಷ್ಯರ ಕುಲನಾಮ ಕೊಟ್ಟಂತಾಯಿತು. ‘ವೂ’ ಎಂದರೆ ಅರಿಯುವುದು, ಎಚ್ಚರಗೊಳ್ಳುವುದು. ‘ಖುಂಗ್’ ಎಂದರೆ ಬೌದ್ಧರ ಶೂನ್ಯ. ಅಕ್ಷರ ಒಡೆದು ಆಡಿದ ಈ ಆಟ ಯಾವ ಲಿಪ್ಯಂತರದಲ್ಲೂ ಉಳಿಯುವುದಿಲ್ಲ. ಜಾಗವಿದ್ದರೆ ಒಂದು ಸಾಲಿನ ಅಡಿಟಿಪ್ಪಣಿ ಹಾಕಿ, ಮಕ್ಕಳಿಗೆ ಖುಷಿಯಾಗುತ್ತದೆ.

ಓದು ಬೇರೆಯಾದದ್ದಕ್ಕೆ ಕಾರಣ ಕನ್ನಡ ವರ್ಣಮಾಲೆ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಎರಡನೆಯ ಅಕ್ಷರದ ಹಳೆಯ ಉಚ್ಚಾರಣೆ ಹೆಚ್ಚುಕಡಿಮೆ ‘ಙು’. ಹೌದು, ನಾವು ಬಾಯಿಪಾಠ ಮಾಡಿ ಮರೆತ ಅದೇ ಙ. ಬೀಜಿಂಗ್ ಕಡೆಯ ಮಾತಿನಲ್ಲಿ ಪದದ ಮೊದಲಿನ ಙ ಬಿದ್ದುಹೋಗಿ ‘ವೂ’ ಆಯಿತು. ಙದಿಂದ ಪದ ಶುರುಮಾಡಲಾಗದ ಜಪಾನಿಯರು ಅದನ್ನು ಗ ಮಾಡಿಕೊಂಡರು: ‘ಗೊ’. ವಿಯೆಟ್ನಾಮಿನಲ್ಲಿ ಇಂದಿಗೂ ‘ತೊನ್ ಙೊ ಖೊಂಗ್’, ಕೊರಿಯಾದಲ್ಲಿ ‘ಸೊನ್ ಒ ಗೊಂಗ್’. ಮೂರನೆಯ ಅಕ್ಷರದ ಕೊನೆಯ ಅನುನಾಸಿಕ ಜಪಾನಿನಲ್ಲಿ ಸ್ವರದ ದೀರ್ಘವಾಯಿತು: ಖುಂಗ್ ಹೋಗಿ ‘ಕೂ’. ಹಾಗಾಗಿ ಜಪಾನಿನ ರೂಪ ‘ಸೊನ್ ಗೊಕೂ’. ಗೊ ಹ್ರಸ್ವ, ಕೂ ದೀರ್ಘ. ಟಿವಿ ನೋಡುವ ಮಕ್ಕಳು ಹೇಳುವ ‘ಗೋಕು’ ಇದಕ್ಕೆ ಸರಿಯಾಗಿ ತಿರುಗುಮುರುಗು. ‘ಡ್ರ್ಯಾಗನ್ ಬಾಲ್’ ಎಂಬ ಜಪಾನೀ ಕಾಮಿಕ್ಸಿನ ಬಾಲಹೋರಾಟಗಾರನಿಗೆ ಇಟ್ಟದ್ದೂ ಇದೇ ಹೆಸರು, ಇವೇ ಮೂರು ಅಕ್ಷರಗಳು.

ಹೀಗಾಗಿ ನನ್ನ ಸಲಹೆ: ಚೀನೀ ಕಾದಂಬರಿಯ ಕೋತಿಗೆ ‘ಸುನ್ ವೂಖುಂಗ್’, ಜಪಾನೀ ಪಾತ್ರಕ್ಕೆ ‘ಗೊಕೂ’. ‘ಕಾಂಗ್’ ಬೇಡ. ಅದು ಇಂಗ್ಲಿಷಿನವರ ಓದು.

ಚೀನೀ ಹೆಸರುಗಳಲ್ಲಿ ಎಡವಟ್ಟು ಆಗುವುದು ಎಲ್ಲಿ ಎಂದರೆ, ನಾವು ರೋಮನ್ ಅಕ್ಷರಗಳನ್ನು ಇಂಗ್ಲಿಷ್ ಎಂದುಕೊಂಡು ಓದುತ್ತೇವೆ. 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಎಂಬ ರೋಮನ್ ಪದ್ಧತಿಯಲ್ಲಿ ಬಿ ಎಂದರೆ ನಮ್ಮ ಪ, ಪಿ ಎಂದರೆ ಮಹಾಪ್ರಾಣದ ಫ (ತುಟಿ ಮುಚ್ಚಿ ಹೇಳುವ ಫ, ‘ಫೋನ್’ನದಲ್ಲ). ಡಿ-ಟಿ ಜೋಡಿ ತ-ಥ, ಜಿ-ಕೆ ಜೋಡಿ ಕ-ಖ. ಜೆ ಎಂದರೆ ಚ, ಕ್ಯೂ ಎಂದರೆ ಛ, ಎಕ್ಸ್ ಎಂದರೆ ಶ. ಎಸ್-ಎಚ್ ಸೇರಿದರೆ ನಾಲಿಗೆ ಮಡಿಸುವ ಷ. ಝಡ್ ಒಂದೇ ಬಂದರೆ ತ್ಸ. ಆ ಭಾಷೆಯಲ್ಲಿ ಬ, ದ, ಗ ಎಂಬ ಘೋಷ ವ್ಯಂಜನಗಳೇ ಇಲ್ಲ. ಅಲ್ಪಪ್ರಾಣ-ಮಹಾಪ್ರಾಣಗಳ ಭೇದ ಮಾತ್ರ ಇದೆ. ರೋಮನ್ ಲಿಪಿಯಲ್ಲಿ ಆ ಭೇದಕ್ಕೆ ಜಾಗವಿಲ್ಲದೆ ಬಿ-ಪಿಗಳನ್ನು ಎರವಲು ಪಡೆದರು. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರಗಳು ಸಿದ್ಧವಾಗಿಯೇ ಇವೆ. ಸ್ವರಗಳ ಏರಿಳಿತ ನಾಲ್ಕು ಬಗೆ. ಅದನ್ನು ಕನ್ನಡದಲ್ಲಿ ತೋರಿಸಲು ಹೋಗಬೇಡಿ. ‘ಬೀಜಿಂಗ್’ ರೂಢಿಗೆ ಬಂದಾಗಿದೆ, ಅದನ್ನು ‘ಪೆಯ್‌ಚಿಂಗ್’ ಮಾಡುವುದು ಹಟಮಾರಿತನ. ಓದುಗರಿಗೆ ಇನ್ನೂ ರೂಢಿಯಾಗದ ಹೆಸರುಗಳಲ್ಲಿ ಸರಿಯಾಗಿ ಶುರುಮಾಡಿದರೆ ಸಾಕು.

ಇದೇ ಕಾದಂಬರಿಯ ಭಿಕ್ಷು ನಮ್ಮ ಪಠ್ಯಪುಸ್ತಕಗಳ ಹ್ಯೂಯೆನ್ ತ್ಸಾಂಗ್. ಪಿನ್‌ಯಿನ್ ಪ್ರಕಾರ ಶ್ಯುಆನ್‌ತ್ಸಾಂಗ್. ಅವನು ಇಮ್ಮಡಿ ಪುಲಕೇಶಿಯ ಹೆಸರನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ದಾಖಲಿಸಿದ್ದಾನೆ. ಅವುಗಳ ಅರ್ಥ ತೇಪೆ, ಬಲೆ, ತಪಾಸಣೆ, ಬಿಡಾರ. ಅರ್ಥಕ್ಕೂ ಅರಸನಿಗೂ ಸಂಬಂಧವಿಲ್ಲ, ಬೇಕಾದದ್ದು ಧ್ವನಿ ಮಾತ್ರ. ಇಂದಿನ ಪಿನ್‌ಯಿನ್ ಓದನ್ನು ಇಂಗ್ಲಿಷಿನಂತೆ ಓದಿದರೆ ‘ಬುಲುವೊಜಿಶೆ’ ಎಂದಾಗಿ ಯಾರ ಹೆಸರೆಂದೇ ಗೊತ್ತಾಗುವುದಿಲ್ಲ. 7ನೇ ಶತಮಾನದ ಉಚ್ಚಾರಣೆಯನ್ನು ವಿದ್ವಾಂಸರು ಪುನಾರಚಿಸಿದಂತೆ ಓದಿದರೆ ‘ಪು-ಲ-ಕೆಯ್-ಶ್ಯ’. ನಡುವಿನ ‘ಕೆ’ ಉತ್ತರ ಚೀನಾದ ಮಾತಿನಲ್ಲಿ ಕಾಲಕ್ರಮೇಣ ತಾಲವ್ಯವಾಗಿ ‘ಚೀ’ ಆಯಿತು. ಹಳೆಯ ‘ಪೀಕಿಂಗ್’ ಇಂದಿನ ‘ಬೀಜಿಂಗ್’ ಆದದ್ದರ ಹಿಂದೆ ಇರುವುದೂ ಇದೇ ಕ-ಚ ಬದಲಾವಣೆ. ಆ ‘ಜಿಂಗ್’, ಜಪಾನಿನ ತೋಕ್ಯೋದ ‘ಕ್ಯೋ’ ಎರಡೂ ಒಂದೇ ಅಕ್ಷರ: ರಾಜಧಾನಿ.

ಇನ್ನು ‘ಚಿತ್ರಲಿಪಿ’. ತೆಗೆದುಹಾಕಿ. ಮರ, ಬೆಟ್ಟ, ಸೂರ್ಯನಂಥ ಕೆಲವು ಅಕ್ಷರಗಳು ಚಿತ್ರದಿಂದ ಹುಟ್ಟಿದ್ದು ನಿಜ. ಎರಡು ಮರ ಜೊತೆಗಿಟ್ಟರೆ ತೋಪು, ಮೂರಾದರೆ ಕಾಡು ಎಂಬುದೂ ನಿಜ. ಶಾಲೆಯಲ್ಲಿ ತೋರಿಸುವುದು ಇವನ್ನೇ, ಅದರಿಂದಲೇ ಈ ತಪ್ಪು ಕಲ್ಪನೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಜಾತಿ ಹೇಳುತ್ತದೆ, ಇನ್ನೊಂದು ಭಾಗ ಧ್ವನಿ ಹೇಳುತ್ತದೆ. ತಾಯಿ ಎಂಬ ‘ಮಾ’ದಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ. ಕುದುರೆಗೆ ಅಲ್ಲಿ ಬೇರೆ ಕೆಲಸವಿಲ್ಲ. ಅದರ ಓದೂ ‘ಮಾ’ ಎಂಬುದಕ್ಕೆ ಕೂತಿದೆ. ಕ್ರಿ.ಶ. 100ರ ಹೊತ್ತಿಗೇ ಶೂ ಷೆನ್ ಎಂಬ ವಿದ್ವಾಂಸ 9353 ಅಕ್ಷರಗಳನ್ನು ಹೀಗೆ ಬಿಡಿಸಿ 540 ಗುರುತುಗಳ ಕೆಳಗೆ ಜೋಡಿಸಿದ್ದ. 1615ರ ನಿಘಂಟೊಂದು ಆ ಗುರುತುಗಳನ್ನು 214ಕ್ಕೆ ಇಳಿಸಿತು, 1716ರ ಖಾಂಗ್‌ಶಿ ನಿಘಂಟು ಅದನ್ನೇ ಉಳಿಸಿಕೊಂಡಿತು. ‘ಚೀನೀ ಅಕ್ಷರ’ ಎಂಬ ಸಾದಾ ಮಾತೇ ಒಳ್ಳೆಯದು: ಕನ್ನಡದ ಹಾಗೆ ಅಲ್ಲಿಯೂ ಒಂದು ಅಕ್ಷರ ಒಂದು ಉಚ್ಚಾರದ ಘಟಕ. ಜಪಾನಿನಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಬೆಟ್ಟದ ಅಕ್ಷರವನ್ನು ಚೀನಾದಿಂದ ಬಂದ ‘ಸನ್’ ಎಂದೂ ಓದಬಹುದು, ಸ್ವಂತ ಪದ ‘ಯಮ’ ಎಂದೂ ಓದಬಹುದು. ನಾವು ‘ಗಿರಿ’ ಎಂದು ಬರೆದದ್ದನ್ನು ಕೆಲವೆಡೆ ‘ಗಿರಿ’ ಎಂದೂ ಕೆಲವೆಡೆ ‘ಬೆಟ್ಟ’ ಎಂದೂ ಓದಿದ ಹಾಗೆ. ಜಪಾನಿನ ಪ್ರಸಿದ್ಧ ಫುಜಿ ಪರ್ವತವನ್ನು ಅಲ್ಲಿಯವರು ‘ಫುಜಿಸನ್’ ಎನ್ನುತ್ತಾರೆ, ‘ಫ್ಯೂಜಿಯಾಮಾ’ ಎನ್ನುವುದಿಲ್ಲ. ಆ ‘ಸನ್’ ಗೌರವದ ‘ಅವರು’ ಅಲ್ಲ, ಬೆಟ್ಟ.

ಮರುಪ್ರಶ್ನೆ:

ತುಂಬ ಉಪಕಾರವಾಯಿತು. ಅದೇ ಲೇಖನದಲ್ಲಿ ‘ಡೋರೇಮಾನ್’, ‘ನರೂಟೋ’ ಕೂಡ ಇವೆ. ಜಪಾನೀ ಅಕ್ಷರ ಬಾರದವರು ಇಂಥ ಹೆಸರುಗಳನ್ನು ಪರೀಕ್ಷಿಸಿಕೊಳ್ಳುವುದು ಹೇಗೆ? ಕಾಲ್ಪನಿಕ ಅಕ್ಷರದ ಬಗ್ಗೆ ಹೇಳುವೆನೆಂದಿರಿ, ಅದನ್ನೂ ಹೇಳಿಬಿಡಿ.

ಉತ್ತರ:

ಜಪಾನೀ ಹೆಸರನ್ನು ರೋಮನ್‌ನಿಂದ ತರಬೇಡಿ, ‘ಕನ’ ರೂಪದಿಂದ ತನ್ನಿ. ಹಿರಗನ, ಕತಕನ ಎಂಬ ಎರಡು ಉಚ್ಚಾರ ಲಿಪಿಗಳಲ್ಲಿ ತಲಾ 46 ಮೂಲ ಅಕ್ಷರ. ಕಲಿಯಲು ಭಯ ಬೇಡ, ಅವುಗಳ ಕ್ರಮ ನಮ್ಮದೇ. ಬೌದ್ಧ ಭಿಕ್ಷುಗಳು ಮಂತ್ರಕ್ಕಾಗಿ ಕಲಿತ ಸಿದ್ಧಂ ಎಂಬ ಭಾರತದ ಹಳೆಯ ಲಿಪಿಯ ವರ್ಣಮಾಲೆಯಿಂದ ಅದು ಬಂದದ್ದು: ಸ್ವರ ಅ ಇ ಉ ಎ ಒ, ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಚ ಇರುವಲ್ಲಿ ಸ ಇದೆ, ಪ ಇರುವಲ್ಲಿ ಹ ಇದೆ. ಆ ‘ಹ’ ಹಿಂದೆ ‘ಪ’ ಆಗಿತ್ತು, ಹಳಗನ್ನಡದ ‘ಪಾಲು’ ‘ಹಾಲು’ ಆದ ದಾರಿಯಲ್ಲೇ ಅದೂ ನಡೆದಿದೆ. ಇಂದಿಗೂ ಹ ಅಕ್ಷರದ ಮೂಲೆಗೆ ಸಣ್ಣ ಸೊನ್ನೆಯಿಟ್ಟರೆ ಪ ಆಗುತ್ತದೆ.

ಹೆಸರಿನ ಕನ ರೂಪ ಜಪಾನೀ ವಿಕಿಪೀಡಿಯ ಪುಟದ ಮೊದಲ ಸಾಲಿನಲ್ಲೇ ಆವರಣದೊಳಗೆ ಸಾಮಾನ್ಯವಾಗಿ ಇರುತ್ತದೆ. ಒಂದೊಂದು ಕನಕ್ಕೆ ಒಂದೊಂದು ಹ್ರಸ್ವ ಕನ್ನಡ ಅಕ್ಷರ ಬರೆಯುತ್ತ ಹೋಗಿ. ಅಡ್ಡಗೆರೆ ಬಂದರೆ, ಅಥವಾ ಒ ಆದ ಮೇಲೆ ಉ ಬಂದರೆ, ದೀರ್ಘ. ಕಿರಿದಾದ ‘ತ್ಸು’ ಬಂದರೆ ಮುಂದಿನ ವ್ಯಂಜನಕ್ಕೆ ಒತ್ತು. ‘ನ್’ ಎಂಬ ಒಂಟಿ ಅಕ್ಷರ ನಮ್ಮ ಸೊನ್ನೆಯ ಹಾಗೇ ನಡೆದುಕೊಳ್ಳುತ್ತದೆ: ಬ-ಪಗಳ ಮುಂದೆ ಮ್, ಕ-ಗಗಳ ಮುಂದೆ ಙ್. ಪತ್ರಿಕೆಗೆ ಅವರು ಹೇಳುವುದು ‘ಶಿಂಬುನ್’. ತ, ದಗಳನ್ನು ಟ, ಡ ಮಾಡಬೇಡಿ. ಎ-ಏ, ಒ-ಓ ಭೇದ ಜಪಾನಿನಲ್ಲಿ ಅರ್ಥಭೇದ ಮಾಡುತ್ತದೆ. ಹಿಂದಿಯ ಮೂಲಕ ಬಂದ ಹೆಸರಿನಲ್ಲಿ ಅದು ಸತ್ತಿರುತ್ತದೆ, ನೇರ ಕನ್ನಡಕ್ಕೆ ತಂದರೆ ಬದುಕುತ್ತದೆ.

ಎಡವುವ ಜಾಗ ಒಂದು ಮಾತ್ರ ನೆನಪಿರಲಿ. ಒ-ಉ ಒಟ್ಟಿಗೆ ಬಂದಾಗಲೆಲ್ಲ ದೀರ್ಘವಲ್ಲ. ‘ಇನೊಉಎ’ ಎಂಬ ಮನೆತನದ ಹೆಸರಿನಲ್ಲಿ ‘ಇನೊ’ ಒಂದು ಭಾಗ, ‘ಉಎ’ ಇನ್ನೊಂದು. ಅಲ್ಲಿ ಕೂಡಿಸಬಾರದು. ಇದು ಚೀನೀ ಅಕ್ಷರ ನೋಡಿದರೇ ತಿಳಿಯುವುದು, ಕನದಿಂದ ತಿಳಿಯದು.

ಈ ಲೆಕ್ಕದಲ್ಲಿ ‘ನರುತೊ’ ಮೂರೂ ಹ್ರಸ್ವ. ‘ಪಿಕಚೂ’ ಕೊನೆಯದು ದೀರ್ಘ. ‘ಪಿಕ’ ಮಿಂಚು ಫಳಕ್ಕೆನ್ನುವ ಅನುಕರಣ ಶಬ್ದ, ‘ಚೂ’ ಇಲಿಯ ಕೂಗು. ‘ದೊರಎಮೊನ್’ ಎಲ್ಲವೂ ಹ್ರಸ್ವ. ಈ ಹೆಸರಿನ ಬರವಣಿಗೆ ವಿಚಿತ್ರ: ‘ದೊರ’ ಕತಕನದಲ್ಲಿ, ‘ಎಮೊನ್’ ಹಿರಗನದಲ್ಲಿ. ‘ದೊರನೆಕೊ’ ಎಂದರೆ ಬೀದಿಬೆಕ್ಕು, ‘ಎಮೊನ್’ ಹಳೆಯ ಕಾಲದ ಗಂಡಸರ ಹೆಸರಿನ ಬಾಲ. ಕನ್ನಡದಲ್ಲಿ ಹುಟ್ಟಿದ್ದರೆ ಬೆಕ್ಕಪ್ಪ ಆಗುತ್ತಿದ್ದ. ಆದರೂ ಮಕ್ಕಳ ಬಾಯಲ್ಲಿ ‘ಡೋರೆಮಾನ್’ ನೆಲೆಯೂರಿದೆ. ಮೊದಲ ಸಲ ‘ದೊರಎಮೊನ್ (ಡೋರೆಮಾನ್)’ ಎಂದು ಬರೆದು ಮುಂದೆ ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳಿ.

ಈಗ ಕಾಲ್ಪನಿಕ ಅಕ್ಷರ. ಹೊಸ ಅಕ್ಷರ ಕಟ್ಟುವುದು ಹಳೆಯ ಚಾಳಿ. 690ರಲ್ಲಿ ಪಟ್ಟಕ್ಕೇರಿದ ಚೀನಾದ ಸಾಮ್ರಾಜ್ಞಿ ವೂ ತ್ಸಥ್ಯೆನ್ ಹನ್ನೆರಡಕ್ಕೂ ಹೆಚ್ಚು ಹೊಸ ಅಕ್ಷರಗಳನ್ನು ಜಾರಿಗೆ ತಂದಳು. ತನ್ನ ಹೆಸರಿಗೆ ಮಾಡಿಸಿಕೊಂಡದ್ದರಲ್ಲಿ ಸೂರ್ಯ, ಚಂದ್ರರನ್ನು ನಮ್ಮ ಕೋತಿಯ ‘ಖುಂಗ್’ ಅಕ್ಷರದ ಮೇಲೆ ಕೂರಿಸಿದ್ದಳು. ಜಪಾನಿಯರೂ ಸ್ವಂತ ಅಕ್ಷರ ಕಟ್ಟಿಕೊಂಡಿದ್ದಾರೆ: ಬೆಟ್ಟ, ಮೇಲೆ, ಕೆಳಗೆ ಮೂರನ್ನೂ ಸೇರಿಸಿದರೆ ‘ತೋಗೆ’, ಅಂದರೆ ಘಾಟಿ. ಇವೆಲ್ಲ ಯಾರೋ ಬೇಕೆಂದೇ ಮಾಡಿದವು.

ಯಾರೂ ಮಾಡದೆ ಹುಟ್ಟಿದವು ಇನ್ನೂ ಸ್ವಾರಸ್ಯ. 1978ರಲ್ಲಿ ಜಪಾನ್ ಕಂಪ್ಯೂಟರಿಗಾಗಿ 6349 ಚೀನೀ ಅಕ್ಷರಗಳ ಶಿಷ್ಟಪಟ್ಟಿ ಮಾಡಿತು. ಆಮೇಲೆ ನೋಡಿದರೆ ಕೆಲವು ಅಕ್ಷರಗಳಿಗೆ ಅರ್ಥವಿಲ್ಲ, ಓದಿಲ್ಲ, ಯಾವ ನಿಘಂಟಿನಲ್ಲೂ ಇಲ್ಲ. ಅವಕ್ಕೆ ‘ಯೂರೇ ಮೊಜಿ’, ದೆವ್ವದಕ್ಷರ ಎಂದು ಹೆಸರಾಯಿತು. 1997ರ ಪರಿಷ್ಕರಣೆಯ ಹೊತ್ತಿಗೆ ಮೂಲ ಕಡತಗಳನ್ನೆಲ್ಲ ಜಾಲಾಡಿದಾಗ ಹೆಚ್ಚಿನವಕ್ಕೆ ಕಾರಣ ಸಿಕ್ಕಿತು. ಶಿಗ ಪ್ರಾಂತದಲ್ಲಿ ಅಕೆಂಬರ ಎಂಬ ಊರಿದೆ. ಅದರ ಹೆಸರಿನ ಮೊದಲ ಅಕ್ಷರದಲ್ಲಿ ‘ಬೆಟ್ಟ’ದ ಕೆಳಗೆ ‘ಹೆಣ್ಣು’ ಬರುತ್ತದೆ. ಇದರ ಅಚ್ಚುಮೊಳೆ ಇಲ್ಲದ್ದರಿಂದ ಎರಡು ಚೂರು ಕಾಗದ ಕತ್ತರಿಸಿ ಅಂಟಿಸಿದ್ದರು. ನಕಲು ತೆಗೆದಾಗ ಅಂಟಿಸಿದ ಅಂಚಿನ ನೆರಳು ಗೆರೆಯಾಗಿ ಬಿತ್ತು. ಗೆರೆಯ ಸಮೇತ ಅದು ಹೊಸ ಅಕ್ಷರವಾಗಿ ಪಟ್ಟಿ ಸೇರಿತು.

ಒಂದಕ್ಕೆ ಮಾತ್ರ ಇಂದಿಗೂ ಮೂಲ ಸಿಕ್ಕಿಲ್ಲ. ಎಡಕ್ಕೆ ‘ಬಿಲ್ಲು’, ಬಲಕ್ಕೆ ‘ಅಣ್ಣ’ ಎಂಬ ಅರ್ಥದ ಅಕ್ಷರ; ಬೇರೆ ಯಾವುದನ್ನೋ ತಪ್ಪಾಗಿ ಓದಿದ್ದಿರಬಹುದೆಂಬ ಊಹೆಯಷ್ಟೇ ಇದೆ. ಜಪಾನಿನ ಆ ಪಟ್ಟಿ ಮುಂದೆ ಯೂನಿಕೋಡ್ ಎಂಬ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಆದ ಕಂಪ್ಯೂಟರ್ ಪಟ್ಟಿಗೂ ಸೇರಿತು. ಒಮ್ಮೆ ಸೇರಿದ್ದನ್ನು ಯೂನಿಕೋಡ್ ತೆಗೆಯುವುದಿಲ್ಲ, ಹಾಗಾಗಿ ಅದು ನಿಮ್ಮ ಫೋನಿನಲ್ಲೂ ಇದೆ. ನಿಮ್ಮ ಲೇಖನದ ಹಳೆಯ ತಲೆಬರಹಕ್ಕೆ ಅದೊಂದೇ ಸರಿಯಾಗಿ ಹೊಂದುತ್ತದೆ.