ಎಕ್ಸ್‌ಎಸ್‌ಎಲ್‌ಟಿ: ಬೇರೆ ಫೈಲಿನಿಂದ ಹೆಸರು ತಂದರೆ ಎಲ್ಲ ಸಾಲಿಗೂ ಒಂದೇ ಹೆಸರು!

ಪ್ರಶ್ನೆ: ನಮಸ್ಕಾರ ಸರ್. ನನ್ನ ಆರ್ಡರ್ ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಸಾಲಿಗೂ ಸರಕಿನ ಕೋಡ್ ಮಾತ್ರ ಇದೆ. ಹೆಸರುಗಳು ಸರಕು.ಎಕ್ಸ್‌ಎಂಎಲ್ ಅನ್ನೋ ಇನ್ನೊಂದು ಫೈಲಿನಲ್ಲಿವೆ. ಎಕ್ಸ್‌ಎಂಎಲ್ ಡೇಟಾವನ್ನು ಬೇರೆ ರೂಪಕ್ಕೆ ಬದಲಾಯಿಸೋ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟಿನಲ್ಲಿ ಹೀಗೆ ಬರೆದೆ:

ಡಾಕ್ಯುಮೆಂಟ್('ಸರಕು.ಎಕ್ಸ್‌ಎಂಎಲ್')/ಪಟ್ಟಿ/ಸರಕು[@ಕೋಡ್ = @ಕೋಡ್]/ಹೆಸರು

ಎರರ್ ಏನೂ ಇಲ್ಲ. ಆದರೆ 40 ಸಾಲಿಗೂ ಮೊದಲ ಸರಕಿನ ಹೆಸರೇ ಬರ್ತಿದೆ. ವರ್ಷನ್ 1.0.

ಉತ್ತರ: ನಿಮ್ಮ ಎರಡು @ಕೋಡ್‌ಗಳೂ ಒಂದೇ ಕಣ್ರೀ! ಬ್ರ್ಯಾಕೆಟ್ ಒಳಗೆ ಕಾಲಿಟ್ಟ ಕೂಡಲೇ ಎಕ್ಸ್‌ಪಾತ್ (ಎಕ್ಸ್‌ಎಂಎಲ್ ಒಳಗೆ ಬೇಕಾದ್ದನ್ನು ಹುಡುಕೋ ಭಾಷೆ) ನಿಂತಿರೋದು ಹೊರಗಿನ ಫೈಲಿನ ಸರಕಿನ ಮೇಲೆ. ಆರ್ಡರ್ ಸಾಲಿನ ನೆನಪೇ ಅಲ್ಲಿರಲ್ಲ. ಸರಕಿನ ಕೋಡನ್ನು ಅದರ ಜೊತೆಗೇ ಹೋಲಿಸಿದರೆ ಯಾವಾಗಲೂ ನಿಜ, ಅಲ್ವಾ? ಹಾಗಾಗಿ ಎಲ್ಲ ಸರಕೂ ಪಾಸ್. 1.0ರ ವ್ಯಾಲ್ಯೂ-ಆಫ್ (ಸಿಕ್ಕಿದ್ದನ್ನು ಔಟ್‌ಪುಟ್‌ಗೆ ಬರೆಯೋ ಸೂಚನೆ) ಅದರಲ್ಲಿ ಮೊದಲನೆಯದನ್ನು ಮಾತ್ರ ಬರೆಯುತ್ತದೆ. 2.0 ಆಗಿದ್ದರೆ ಅಷ್ಟೂ ಹೆಸರು ಸಾಲಾಗಿ ಬಂದು ಬಿದ್ದು, ತಪ್ಪು ಬೇಗ ಗೊತ್ತಾಗುತ್ತಿತ್ತು.

ಹೀಗೆ ಬದಲಾಯಿಸಿ: [@ಕೋಡ್ = ಕರೆಂಟ್()/@ಕೋಡ್]

ಕರೆಂಟ್() ಅಂದರೆ ಟೆಂಪ್ಲೇಟ್ ಈಗ ಕೈಯಲ್ಲಿ ಹಿಡಿದಿರುವ ಆರ್ಡರ್ ಸಾಲು.

ಪ್ರಶ್ನೆ: ಸರಿಹೋಯ್ತು ಸರ್, ಥ್ಯಾಂಕ್ಸ್! ಆಮೇಲೆ ಸ್ಟೈಲ್‌ಶೀಟನ್ನು ಬೇರೆ ಫೋಲ್ಡರಿಗೆ ಹಾಕಿದೆ. ಈಗ ಹೆಸರುಗಳೆಲ್ಲ ಖಾಲಿ. ಸರಕು ಫೈಲ್ ಆರ್ಡರ್ ಫೈಲಿನ ಪಕ್ಕದಲ್ಲೇ ಇದೆಯಲ್ಲ?

ಉತ್ತರ: ಅಲ್ಲೇ ಎಡವಟ್ಟಾಗಿರೋದು. ಹೆಸರನ್ನು ಬರೀ ಕೋಟ್ ಒಳಗೆ ಕೊಟ್ಟರೆ ಸ್ಟೈಲ್‌ಶೀಟ್ ಇರುವ ಜಾಗದಿಂದ ಹುಡುಕುತ್ತದೆ, ಡೇಟಾ ಇರುವ ಜಾಗದಿಂದ ಅಲ್ಲ. ಜೊತೆಗೊಂದು ಸ್ಲ್ಯಾಶ್ ಕೊಡಿ:

ಡಾಕ್ಯುಮೆಂಟ್('ಸರಕು.ಎಕ್ಸ್‌ಎಂಎಲ್', /)

ಆಗ ಆರ್ಡರ್ ಫೈಲಿನ ಪಕ್ಕದಲ್ಲೇ ನೋಡುತ್ತದೆ. ಫೈಲ್ ಸಿಗದಿದ್ದರೆ ಎರರ್ ಕೊಡಬೇಕಾ, ಖಾಲಿ ಕೊಟ್ಟು ಮುಂದೆ ಹೋಗಬೇಕಾ ಅನ್ನೋದನ್ನು 1.0 ನಿಯಮ ಪ್ರೊಸೆಸರ್‌ಗೇ (ಸ್ಟೈಲ್‌ಶೀಟನ್ನು ನಡೆಸೋ ಸಾಫ್ಟ್‌ವೇರ್) ಬಿಟ್ಟಿದೆ. ನಿಮ್ಮದು ಸುಮ್ನೆ ಮುಂದೆ ಹೋಗೋ ಜಾತಿ. ನನಗಂತೂ ಎರರ್ ಕೊಟ್ಟು ನಿಲ್ಲೋದೇ ವಾಸಿ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 40 ಸಾಲಿಗೆ ಆ ಫೈಲನ್ನು 40 ಸಲ ಓದುತ್ತಾ?

ಉತ್ತರ: ಇಲ್ಲ. ಒಂದೇ ವಿಳಾಸ ಎಷ್ಟು ಸಲ ಕೇಳಿದರೂ ಅದೇ ಡಾಕ್ಯುಮೆಂಟ್ ಸಿಗುತ್ತದೆ. ಹುಡುಕಾಟ ಮಾತ್ರ ಸಾಮಾನ್ಯವಾಗಿ ಪ್ರತಿ ಸಲ ಮೊದಲಿಂದ. ಸರಕು ಸಾವಿರಗಟ್ಟಲೆ ಇದ್ದರೆ ಕೀ() ಬಳಸಿ, ಅದು ಕೋಡ್ ಕೊಟ್ಟರೆ ಸರಕನ್ನು ಬೇಗ ಹುಡುಕಿಕೊಡೋ ಫಂಕ್ಷನ್. ಆದರೆ 1.0ರಲ್ಲಿ ಕೀ() ಹುಡುಕೋದು ನೀವು ನಿಂತಿರುವ ಡಾಕ್ಯುಮೆಂಟಿನಲ್ಲಿ ಮಾತ್ರ. ಅದಕ್ಕೆ ಆರ್ಡರಿನ ಕೋಡನ್ನು ಮೊದಲು ಒಂದು ವೇರಿಯಬಲ್‌ಗೆ ಹಾಕಿಟ್ಟುಕೊಳ್ಳಿ, ಆಮೇಲೆ ಫಾರ್-ಈಚ್ ಮೂಲಕ ಹೊರಗಿನ ಫೈಲಿಗೆ ಹೋಗಿ. ಒಳಗೆ ಹೋದ ಮೇಲೆ ಕರೆಂಟ್() ಕೂಡ ಬದಲಾಗಿರುತ್ತದೆ. 2.0ರಲ್ಲಿ ಈ ಸರ್ಕಸ್ ಬೇಡ, ಕೀ()ಗೆ ಮೂರನೇ ಆರ್ಗ್ಯುಮೆಂಟಾಗಿ ಆ ಡಾಕ್ಯುಮೆಂಟನ್ನೇ ಕೊಡಬಹುದು.