ಜನವರಿಯಲ್ಲಿ ಬಾಲಿಗೆ: ಮಗಳು, ಅತ್ತೆ ಜೊತೆಗಿದ್ದಾರೆ, ಆರೋಗ್ಯಕ್ಕೆ ಏನೇನು ತಯಾರಿ?

ಪುಟ್ಟಿಅಮ್ಮ:
ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ಬೆಂಗಳೂರಿನಿಂದ ಬಾಲಿಗೆ ಹೊರಟಿದ್ದೇವೆ, 7 ದಿನಕ್ಕೆ. ನಾನು, ನಮ್ಮೆಜಮಾನರು, 6 ವರ್ಷದ ಮಗಳು, ಅತ್ತೆ. ಅತ್ತೆಗೆ ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮಗಳಿಗೆ ನೀರು ಬದಲಾದರೆ ಸಾಕು, ಹೊಟ್ಟೆ ಕೆಡುತ್ತದೆ. ಹೋದ ವರ್ಷ ಗೋಕರ್ಣದಲ್ಲಿ 2 ದಿನ ರೂಮಿನಲ್ಲೇ ಕಳೆದೆವು, ಪಾಪ ಸಮುದ್ರ ನೋಡಲೇ ಇಲ್ಲ. ಅಲ್ಲಿ ಜನವರಿ ಮಳೆಗಾಲವಂತೆ, ಸೊಳ್ಳೆ ಜಾಸ್ತಿನಾ? ಇಂಜೆಕ್ಷನ್ ಏನಾದರೂ ಹಾಕಿಸಬೇಕಾ? ನಾವು ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ಹೇಳಿ.

ತೆಂಗಿನತೋಟ:
ನಲ್ಲಿ ನೀರು ಕುಡಿಯಲೇಬೇಡಿ, ಹಲ್ಲುಜ್ಜುವುದಕ್ಕೂ ಬಾಟಲಿ ನೀರೇ ಇರಲಿ. ಹೆಚ್ಚಿಟ್ಟ ಹಣ್ಣು ಬೇಡ, ಸಿಪ್ಪೆ ಸುಲಿದು ತಿನ್ನುವ ಬಾಳೆ, ರಂಬುಟಾನ್ ಧಾರಾಳವಾಗಿ ತಿನ್ನಲಿ. ಓಆರ್‌ಎಸ್ ಇಲ್ಲಿಂದಲೇ ಒಯ್ಯಿರಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಗುವಿಗೆ ನೀವಾಗಿ ಕೊಡಬೇಡಿ. ಇನ್ನೊಂದು, ಅಲ್ಲಿನ ಸಂಬಲ್ ಚಟ್ನಿಗೆ ಸಾಮಾನ್ಯವಾಗಿ ತೆರಾಸಿ ಹಾಕುತ್ತಾರೆ, ಅದು ಸಿಗಡಿಯಿಂದ ಮಾಡಿದ್ದು. 'ತನ್ಪಾ ತೆರಾಸಿ' ಅಂತ ಹೇಳಿ, ಅಂದರೆ ತೆರಾಸಿ ಬೇಡ ಅಂತ.

ಮಲೆನಾಡಮ್ಮ:
ಅಕ್ಕಾ, ನಾನು ಕೋತಿ ವಿಷಯ ಹೇಳುತ್ತೇನೆ, ಯಾಕಂದರೆ ನಮಗೆ ಹೊರಡುವ ಮುಂಚೆ ಯಾರೂ ಹೇಳಿರಲಿಲ್ಲ. 2 ವರ್ಷದ ಹಿಂದೆ ಉಬುದ್ ಹತ್ತಿರ ಒಂದು ದೇವಸ್ಥಾನದಲ್ಲಿ ಮಗನ ಕೈಯಲ್ಲಿದ್ದ ಬಿಸ್ಕೆಟ್‌ಗೆ ಕೋತಿ ಹಾರಿ ಮೊಣಕೈ ಪರಚಿತು. ಸಣ್ಣ ಗೆರೆ, ಎರಡು ಹನಿ ರಕ್ತ, ಅಷ್ಟೇ. ಅರಿಶಿನ ಹಚ್ಚಿದರೆ ಆಯ್ತು ಅಂದುಕೊಂಡಿದ್ದೆ. ನಾವು ಉಳಿದುಕೊಂಡಿದ್ದ ಮನೆಯ ಅಮ್ಮ ಮಾತ್ರ ಬಿಡಲಿಲ್ಲ, ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ, ನಾಯಿ ಕಚ್ಚಿ ಜನ ಸತ್ತಿದ್ದಾರೆ ಅಂತ ಹೇಳಿ ಅವನ ಕೈಯನ್ನು ನಲ್ಲಿ ಕೆಳಗೆ ಹಿಡಿದು 15 ನಿಮಿಷ ಸೋಪು ಹಾಕಿ ತೊಳೆಸಿದರು, ಆಮೇಲೆ ತಾವೇ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿ ಲಸಿಕೆ ಇತ್ತು, ಇಮ್ಯುನೊಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಪಾಡುವ ಇನ್ನೊಂದು ಇಂಜೆಕ್ಷನ್) ಇರಲಿಲ್ಲ. ಅದಕ್ಕಾಗಿ ರಾತ್ರಿ ದೆನ್‌ಪಸಾರ್‌ವರೆಗೆ ಹೋದೆವು. ಮಿಕ್ಕ ಡೋಸ್ ಊರಿಗೆ ಬಂದು ಹಾಕಿಸಿದೆವು. ಬಿಲ್ಲು ಇಟ್ಟುಕೊಂಡಿದ್ದಕ್ಕೆ ಇನ್ಶೂರೆನ್ಸ್ ದುಡ್ಡು ಬಂತು. ಮಗಳಿಗೆ ಮೊದಲೇ ರೇಬೀಸ್ ಲಸಿಕೆ ಹಾಕಿಸಬಹುದಾ ಅಂತ ಮಕ್ಕಳ ಡಾಕ್ಟರನ್ನು ಈಗಲೇ ಕೇಳಿ. ಹಾಕಿಸಿದ್ದರೂ ಕಚ್ಚಿದಾಗ ಮತ್ತೆ ಡೋಸ್ ಬೇಕು, ಆದರೆ ಇಮ್ಯುನೊಗ್ಲೋಬ್ಯುಲಿನ್ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ. ಕೋತಿ ಇರುವ ಕಡೆ ಕೈಯಲ್ಲಿ ತಿಂಡಿ, ತಲೆ ಮೇಲೆ ಕನ್ನಡಕ ಬೇಡ.

ನರ್ಸ್_ಮಂಗಳೂರು:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಪರಚಿದ ಗಾಯವನ್ನೂ ಹಗುರವಾಗಿ ನೋಡಬೇಡಿ. ಸೊಳ್ಳೆ ವಿಷಯಕ್ಕೆ ಬಂದರೆ ಅಲ್ಲಿ ಭಯ ಡೆಂಗ್ಯೂದು, ಆ ಸೊಳ್ಳೆ ಹಗಲು ಕಚ್ಚುತ್ತದೆ. ತುಂಬು ತೋಳಿನ ಹತ್ತಿ ಬಟ್ಟೆ ಹಾಕಿ, ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆ ಕ್ರೀಮ್ ಹಚ್ಚಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಡೆಂಗ್ಯೂ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ವಾಪಸ್ ಬಂದು 2 ವಾರದೊಳಗೆ ಜ್ವರ ಬಂದರೂ ಬಾಲಿಗೆ ಹೋಗಿದ್ದು ಡಾಕ್ಟರಿಗೆ ಹೇಳಿ. ಟೈಫಾಯ್ಡ್ ಲಸಿಕೆ ಹಾಕಿಸುವುದಾದರೆ ಹೊರಡುವುದಕ್ಕೆ 2 ವಾರ ಮೊದಲೇ ಹಾಕಿಸಿ. ಅತ್ತೆಯವರ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಬಹುದು. ಡಾಕ್ಟರ್ ಚೀಟಿ ಜೊತೆಗಿರಲಿ. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಡೋಸ್ ಸಮಯ ಕೇಳಿಕೊಳ್ಳಿ. ಮರಳಲ್ಲಿ ಅತ್ತೆಯವರು ಬರಿಗಾಲಲ್ಲಿ ನಡೆಯಬಾರದು, ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟರೂ ಗೊತ್ತಾಗುವುದಿಲ್ಲ.

ಪುಟ್ಟಿಅಮ್ಮ:
ತುಂಬಾ ಥ್ಯಾಂಕ್ಸ್. ಕೋತಿ ವಿಷಯ ನಮ್ಮ ತಲೆಯಲ್ಲೇ ಇರಲಿಲ್ಲ, ನಾಳೆನೇ ಮಕ್ಕಳ ಡಾಕ್ಟರ್ ಹತ್ತಿರ ಹೋಗುತ್ತೇವೆ. ಹೋಟೆಲಿನ ಸಣ್ಣ ಫ್ರಿಜ್‌ನಲ್ಲಿ ಇನ್ಸುಲಿನ್ ಇಡಬಹುದಾ?

ನರ್ಸ್_ಮಂಗಳೂರು:
ಇಡಬಹುದು. ಹಿಂಬದಿಗೆ ತಾಗಿಸಬೇಡಿ, ಅಲ್ಲಿ ಮಂಜು ಕಟ್ಟುತ್ತದೆ. ಬಾಗಿಲಿನ ಕಡೆ ಇಡಿ. ಒಂದು ಸಲ ಹೆಪ್ಪುಗಟ್ಟಿದರೆ ಕರಗಿಸಿ ಬಳಸಬೇಡಿ, ಎಸೆದುಬಿಡಿ.